ಗುಲ್ಮ ತೆಗೆದ ಮಗುವಿನ ಜ್ವರ: ಹೇಳದೆ ಉಳಿದ ಅರ್ಧ ಮಾತು

ಶಸ್ತ್ರಕ್ರಿಯೆ ಮುಗಿದು ಮಗುವನ್ನು ಮನೆಗೆ ಕಳುಹಿಸುವ ದಿನ ತಂದೆತಾಯಿಗಳು ಆಸ್ಪತ್ರೆಯಲ್ಲಿ ಕೇಳಲು ಬಯಸುವ ಮಾತು ಒಂದೇ: 'ಎಲ್ಲವೂ ಚೆನ್ನಾಗಿ ಆಯಿತು, ಇನ್ನು ಭಯವಿಲ್ಲ.' ಇತರ ಅನೇಕ ಶಸ್ತ್ರಕ್ರಿಯೆಗಳ ವಿಷಯದಲ್ಲಿ ಈ ಮಾತು ಪೂರ್ಣ ಸತ್ಯವಾಗಿರುತ್ತದೆ. ಆದರೆ ಮಗುವಿನ ಗುಲ್ಮವನ್ನು ತೆಗೆದ ಸಂದರ್ಭದಲ್ಲಿ ಇದು ಅರ್ಧ ಸತ್ಯ ಮಾತ್ರ. ಗಾಯ ಮಾಯುತ್ತದೆ, ಹೊಲಿಗೆ ಬಿಚ್ಚುತ್ತಾರೆ, ಮಗು ಹಿಂದಿನಂತೆ ಆಡಿಕೊಂಡು ಶಾಲೆಗೆ ಹೋಗುತ್ತದೆ. ಆದರೂ ಅಂದಿನಿಂದ ಮುಂದಕ್ಕೆ ಆ ಮಗುವಿಗೆ ಬರುವ ಜ್ವರವು ನೆರೆಮನೆಯ ಮಗುವಿನ ಜ್ವರದಂಥದಲ್ಲ. ಉಳಿದರ್ಧ ಮಾತು ಇದೇ. ಇದನ್ನು ತಂದೆತಾಯಿಗಳಿಗೆ ಅವರು ಓದಬಲ್ಲ ಭಾಷೆಯಲ್ಲಿ, ಕಾಗದದ ಮೇಲೆ ಬರೆದು ಕೊಡುವುದು ಆಸ್ಪತ್ರೆಯ ಕರ್ತವ್ಯ. ಕೇಳಿ ಪಡೆಯುವುದು ತಂದೆತಾಯಿಗಳ ಹಕ್ಕು. ನಮ್ಮ ಈ ಲೇಖನದ ತಾತ್ಪರ್ಯವೂ ಇಷ್ಟೇ.

ನಾವು ವೈದ್ಯರಲ್ಲ. ಹೋಟೆಲಿನ ಗಲ್ಲಾದ ಮುಂದೆ ವರ್ಷಗಳನ್ನು ಕಳೆದು ಪತ್ರಿಕೆಯ ಮೇಜಿಗೆ ಬಂದವರು. ಆದುದರಿಂದ ಔಷಧದ ಚೀಟಿ ಬರೆಯುವ ಅಧಿಕಾರ ನಮಗಿಲ್ಲ, ಆ ಸಾಹಸಕ್ಕೆ ನಾವು ಕೈಹಾಕುವುದೂ ಇಲ್ಲ. ಆದರೆ ವೈದ್ಯಶಾಸ್ತ್ರವು ನೂರು ವರ್ಷಗಳಿಂದ ಅರಿತುಕೊಂಡಿರುವ ಒಂದು ಸಂಗತಿಯು ನಮ್ಮ ಅಡಿಗೆಯವರ, ಸಪ್ಲೈಯರರ, ಗುಮಾಸ್ತರ ಮನೆಗಳನ್ನು ಇನ್ನೂ ತಲುಪಿಲ್ಲವೆಂದರೆ ಅದನ್ನು ತಲುಪಿಸುವ ಕೆಲಸವು ಪತ್ರಿಕೆಯದೇ ಸರಿ.

ಗುಲ್ಮವೆಂದರೇನೆಂಬುದನ್ನು ಮೊದಲು ನೋಡೋಣ. ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಮುಷ್ಟಿಯಷ್ಟು ಗಾತ್ರದ, ಕೆಂಗಪ್ಪು ಬಣ್ಣದ ಮೆತ್ತನೆಯ ಅಂಗ ಇದು. ಆಯುರ್ವೇದದಲ್ಲಿ ಇದರ ಹೆಸರು ಪ್ಲೀಹ. ಮಲೆನಾಡಿನ ಹಿರಿಯರಿಗೆ ಇದರ ಪರಿಚಯ ಬೇರೆಯೇ ರೀತಿಯಲ್ಲಿ ಇತ್ತು. ಮಲೇರಿಯಾ ಮತ್ತೆ ಮತ್ತೆ ಬಂದು ಎಡಹೊಟ್ಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುತ್ತಿದ್ದ 'ಜ್ವರಗಡ್ಡೆ'ಯೆಂದರೆ ಊದಿಕೊಂಡ ಗುಲ್ಮವೇ. ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆಯೆಂದು ತಿಳಿಯಲು ಸರ್ಕಾರದ ವೈದ್ಯರು ಆ ಊರಿನ ಮಕ್ಕಳ ಹೊಟ್ಟೆಯನ್ನು ಮುಟ್ಟಿ, ಎಷ್ಟು ಮಕ್ಕಳ ಗುಲ್ಮ ಊದಿದೆಯೆಂದು ಎಣಿಸುತ್ತಿದ್ದ ಕಾಲವೊಂದಿತ್ತು.

ಈ ಅಂಗದ ಕೆಲಸವನ್ನು ನಮ್ಮ ಕಸುಬಿನ ಮಾತಿನಲ್ಲಿಯೇ ಹೇಳಬಹುದು. ಹೋಟೆಲಿನ ಉಗ್ರಾಣದ ಮೂಲೆಯಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಕೇರಿ ಕಲ್ಲು ಆರಿಸುವ ಒಬ್ಬರಿರುತ್ತಾರೆ. ಗಿರಾಕಿಗಳು ಅವರನ್ನು ಕಾಣುವುದಿಲ್ಲ. ಧಣಿಗೂ ಅವರ ನೆನಪು ಬರುವುದು ಅಪರೂಪ. ಅವರು ಕೆಲಸ ಬಿಟ್ಟರೆ ಹೋಟೆಲು ಅಂದೇ ಮುಚ್ಚುವುದಿಲ್ಲ. ಒಲೆ ಉರಿಯುತ್ತದೆ, ಅನ್ನ ಬೇಯುತ್ತದೆ, ಊಟ ನಡೆಯುತ್ತದೆ. ಕಲ್ಲು ಬಂದ ದಿನ ಮಾತ್ರ ಅವರಿಲ್ಲದ್ದು ಗೊತ್ತಾಗುತ್ತದೆ. ಗುಲ್ಮವೂ ಹಾಗೆಯೇ. ನೆತ್ತರನ್ನು ಅತಿ ಇಕ್ಕಟ್ಟಾದ ಸಂದಿಗಳ ಮೂಲಕ ಹಾಯಿಸಿ, ಮುದಿಯಾದ ಕೆಂಪು ಕಣಗಳನ್ನು ಬೇರ್ಪಡಿಸುವುದು ಅದರ ಒಂದು ಕೆಲಸ. ನೆತ್ತರಿನಲ್ಲಿ ಸೇರಿಕೊಂಡ ರೋಗಾಣುಗಳನ್ನು ಹಿಡಿದು ನಾಶಮಾಡುವುದು ಇನ್ನೊಂದು ಕೆಲಸ. ಎರಡನೆಯದೇ ಇಲ್ಲಿ ಮುಖ್ಯವಾದದ್ದು.

ಕೆಲವು ರೋಗಾಣುಗಳು ತಮ್ಮ ಮೈಮೇಲೆ ಜಾರುವ ಹೊದಿಕೆಯೊಂದನ್ನು ಹೊದ್ದಿರುತ್ತವೆ. ನೆತ್ತರಿನ ಬಿಳಿ ಕಣಗಳಿಗೆ ಅವು ಸುಲಭವಾಗಿ ಹಿಡಿತಕ್ಕೆ ಸಿಗುವುದಿಲ್ಲ. ದೇಹವು ಆ ಹೊದಿಕೆಯ ಮೇಲೆ ಗುರುತುಹಚ್ಚುವ ಪ್ರತಿಕಾಯಗಳನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದರೆ ಯಕೃತ್ತು ಅವುಗಳನ್ನು ಹಿಡಿಯಬಲ್ಲದು. ಗುರುತಿಲ್ಲದ ಹೊಸ ರೋಗಾಣುವನ್ನು ಹಿಡಿಯಲು ಗುಲ್ಮವೇ ಬೇಕು. ಹೊಸ ಪ್ರತಿಕಾಯವನ್ನು ಬೇಗನೆ ಸಿದ್ಧಪಡಿಸುವುದರಲ್ಲಿಯೂ ಅದರದೇ ಮುಖ್ಯ ಪಾತ್ರ. ದೊಡ್ಡವರ ದೇಹವು ಬದುಕಿನಲ್ಲಿ ಹಲವು ರೋಗಾಣುಗಳನ್ನು ಕಂಡು ಪಳಗಿರುತ್ತದೆ. ಎಳೆಯ ಮಗುವಿನ ದೇಹಕ್ಕೆ ಎಲ್ಲವೂ ಹೊಸದು. ಆದುದರಿಂದಲೇ ಗುಲ್ಮವಿಲ್ಲದ ದೊಡ್ಡವರಿಗಿಂತ ಗುಲ್ಮವಿಲ್ಲದ ಮಕ್ಕಳಿಗೆ, ವಿಶೇಷವಾಗಿ ಐದು ವರ್ಷದೊಳಗಿನವರಿಗೆ, ಅಪಾಯ ಹೆಚ್ಚು. ಇಂಥ ಮಕ್ಕಳ ಮೇಲೆ ಬೀಳುವ ರೋಗಾಣುಗಳಲ್ಲಿ ನ್ಯೂಮೊಕಾಕಸ್ ಎಂಬುದು ಮೊದಲನೆಯದು. ಹೀಮೊಫಿಲಸ್ ಇನ್‌ಫ್ಲುಯೆಂಜಾ 'ಬಿ', ಮೆನಿಂಗೊಕಾಕಸ್ ಎಂಬವು ಅದರ ಜೊತೆಗಾರರು.

ಇದು ನಿನ್ನೆ ಮೊನ್ನೆ ತಿಳಿದ ವಿಷಯವಲ್ಲ. 1919ರಲ್ಲಿಯೇ ಮಾರಿಸ್ ಮತ್ತು ಬುಲಕ್ ಎಂಬ ಅಮೆರಿಕದ ವಿಜ್ಞಾನಿಗಳು ಗುಲ್ಮ ತೆಗೆದ ಇಲಿಗಳು ಸೋಂಕಿಗೆ ಬೇಗ ಬಲಿಯಾಗುವುದನ್ನು ಕಂಡು ಎಚ್ಚರಿಕೆ ಕೊಟ್ಟಿದ್ದರು. ಆ ಮಾತಿಗೆ ಯಾರೂ ಹೆಚ್ಚಿನ ಬೆಲೆ ಕೊಡಲಿಲ್ಲ. ಗುಲ್ಮವಿಲ್ಲದೆಯೂ ಮನುಷ್ಯ ಬದುಕುತ್ತಾನಾದ್ದರಿಂದ ಅದು ಬೇಡದ ಅಂಗವೆಂಬ ನಂಬಿಕೆಯೇ ಬಲವಾಗಿತ್ತು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮೇಕರ್ ಎಂಬ ಶಸ್ತ್ರವೈದ್ಯರು ಐದು ಕೂಸುಗಳ ವೃತ್ತಾಂತವನ್ನು ಪ್ರಕಟಿಸಿದರು. ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆಗಾಗಿ ಆರು ತಿಂಗಳೊಳಗೇ ಗುಲ್ಮ ತೆಗೆಸಿಕೊಂಡ ಕೂಸುಗಳು ಅವು. ಐದಕ್ಕೆ ಐದೂ ತರುವಾಯ ಭೀಕರವಾದ ಸೋಂಕಿಗೆ ತುತ್ತಾದವು. ಅವುಗಳಲ್ಲಿ ಕೆಲವು ಉಳಿಯಲಿಲ್ಲ. ಅಂದಿನಿಂದ ವೈದ್ಯಲೋಕದ ಕಣ್ಣು ತೆರೆಯಿತು. 1973ರಲ್ಲಿ ಸಿಂಗರ್ ಎಂಬವರು ಗುಲ್ಮ ತೆಗೆಸಿಕೊಂಡ ಸುಮಾರು 2,800 ಮಂದಿಯ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ ನಾಲ್ವರಿಗಿಂತ ತುಸು ಹೆಚ್ಚು ಮಂದಿಗೆ ರಕ್ತದ ನಂಜು ತಗಲಿತ್ತು. ನೂರಕ್ಕೆ ಸುಮಾರು ಎರಡೂವರೆಯಷ್ಟು ಮಂದಿ ಅದರಿಂದಲೇ ಸತ್ತಿದ್ದರು. ಪೆಟ್ಟುಬಿದ್ದು ಗುಲ್ಮ ಕಳೆದುಕೊಂಡವರಲ್ಲಿ ಈ ಪ್ರಮಾಣ ಕಡಿಮೆ, ಥಲಸ್ಸೀಮಿಯಾ ರೋಗಿಗಳಲ್ಲಿ ಅತಿ ಹೆಚ್ಚು.

ಈ ಅಂಕೆಗಳನ್ನು ವಾಚಕರು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ನೂರರಲ್ಲಿ ತೊಂಬತ್ತೈದು ಮಂದಿಗೆ ಏನೂ ಆಗಲಿಲ್ಲವೆಂಬುದೂ ಇದರಲ್ಲಿಯೇ ಇದೆ. ಈ ಲೆಕ್ಕವು ಇಂದಿನ ಲಸಿಕೆಗಳು ಬರುವುದಕ್ಕೆ ಮುಂಚಿನದೆಂಬುದನ್ನೂ ಮರೆಯಬಾರದು. ಆದುದರಿಂದ ಮಗುವನ್ನು ಗಾಜಿನ ಬೊಂಬೆಯಂತೆ ಮನೆಯೊಳಗೆ ಬಚ್ಚಿಡುವ ಅಗತ್ಯವಿಲ್ಲ. ಆದರೆ ಈ ಸೋಂಕು ಬಂದರೆ ಅದರ ಓಟ ಹೇಗೆಂಬುದನ್ನು ತಿಳಿದವರು ಅಲಕ್ಷ್ಯ ಮಾಡಲಾರರು. ಮೊದಲು ಸಾಮಾನ್ಯ ಜ್ವರ, ಮೈಕೈ ನೋವು, ಚಳಿ. ಒಂದೆರಡು ಸಲ ವಾಂತಿ. ನೆಗಡಿಯ ಜ್ವರವೆಂದೇ ಯಾರಿಗಾದರೂ ತೋರುತ್ತದೆ. ಕೆಲವೇ ಗಂಟೆಗಳಲ್ಲಿ ಮಗು ಮಂಕಾಗುತ್ತದೆ, ಕೈಕಾಲು ತಣ್ಣಗಾಗುತ್ತದೆ, ಮೈಮೇಲೆ ನೇರಳೆ ಬಣ್ಣದ ಕಲೆಗಳು ಏಳಬಹುದು, ರಕ್ತದೊತ್ತಡ ಕುಸಿಯುತ್ತದೆ. ಬೆಳಿಗ್ಗೆ ಆಡುತ್ತಿದ್ದ ಮಗುವಿನ ಪ್ರಾಣ ಮರುದಿನಕ್ಕೆ ಉಳಿಯದಿರುವಷ್ಟು ವೇಗ ಈ ರೋಗಕ್ಕೆ ಉಂಟು. ಸೋಂಕು ಪೂರ್ಣವಾಗಿ ಬಲಿತ ಮೇಲೆ ಉತ್ತಮ ಆಸ್ಪತ್ರೆಯಲ್ಲಿಯೂ ಸುಮಾರು ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಶಸ್ತ್ರಕ್ರಿಯೆಯಾದ ಮೊದಲ ಎರಡು ಮೂರು ವರ್ಷಗಳಲ್ಲಿ ಅಪಾಯ ಹೆಚ್ಚು; ಆದರೆ ಅದು ಬದುಕಿರುವತನಕ ಪೂರ್ತಿಯಾಗಿ ತೊಲಗುವುದಿಲ್ಲ.

ಇಲ್ಲಿಯೇ ನಮ್ಮಂಥ ವಲಸೆ ಬಂದವರ ತೊಡಕು ಆರಂಭವಾಗುತ್ತದೆ. ತಂದೆ ಮುಂಬಯಿಯ ಹೋಟೆಲಿನಲ್ಲಿ. ತಾಯಿ ಮಕ್ಕಳು ಉಡುಪಿಯ ಕಡೆಯ ಹಳ್ಳಿಯಲ್ಲಿ. ಶಸ್ತ್ರಕ್ರಿಯೆ ನಡೆದದ್ದು ಒಂದು ಊರಿನಲ್ಲಿ, ಮಗು ಬೆಳೆಯುವುದು ಇನ್ನೊಂದು ಊರಿನಲ್ಲಿ. ಆಸ್ಪತ್ರೆಯ ಕಾಗದಗಳು ಇಂಗ್ಲಿಷಿನಲ್ಲಿ. ಅವು ಇರುವುದು ತಂದೆಯ ಟ್ರಂಕಿನಲ್ಲಿ. ಜ್ವರ ಬರುವುದು ರಾತ್ರಿ ಹನ್ನೊಂದಕ್ಕೆ, ತಾಯಿಯ ಮಡಿಲಲ್ಲಿ. ಆಕೆ ಫೋನು ಮಾಡುತ್ತಾಳೆ. ಮಾವನವರು 'ಕಷಾಯ ಕೊಡು, ಬೆಳಗಾಗಲಿ' ಎನ್ನುತ್ತಾರೆ. ಗಂಡ 'ಎರಡು ದಿನ ನೋಡು, ಇಳಿಯದಿದ್ದರೆ ಡಾಕ್ಟರರಿಗೆ ತೋರಿಸು' ಎನ್ನುತ್ತಾನೆ. ಬೇರೆ ಯಾವ ಮಗುವಿನ ವಿಷಯದಲ್ಲಿಯಾದರೂ ಇದು ವಿವೇಕದ ಮಾತೇ. ಜ್ವರ ಬಂದಾಗಲೆಲ್ಲ ಬಲವಾದ ಔಷಧಕ್ಕೆ ಓಡಬಾರದೆಂದು ವೈದ್ಯರೂ ಹೇಳುತ್ತಾರೆ. ಆದರೆ ಗುಲ್ಮವಿಲ್ಲದ ಮಗುವಿಗೆ ಈ ವಿವೇಕವೇ ಮಾರಕ. ಮುಂಬಯಿಯಿಂದ ಹೊರಟ ರೈಲು ಉಡುಪಿಯನ್ನು ಮುಟ್ಟುವುದರೊಳಗೆ ಈ ರೋಗವು ತನ್ನ ಕೆಲಸವನ್ನು ಮುಗಿಸಿಬಿಡಬಹುದು.

ಥಾಣೆಯಲ್ಲಿ ಗುಮಾಸ್ತರಾಗಿರುವ ವಾಚಕರೊಬ್ಬರು ಈಚೆಗೆ ನಮಗೆ ಪತ್ರ ಬರೆದಿದ್ದಾರೆ. ಊರಿನಲ್ಲಿ ಅವರ ಎಂಟು ವರ್ಷದ ಮಗ ಸೈಕಲಿನಿಂದ ಬಿದ್ದಾಗ ಅದರ ಹಿಡಿಕೆ ಹೊಟ್ಟೆಗೆ ಬಲವಾಗಿ ತಗಲಿತಂತೆ. ನೆತ್ತರು ನಿಲ್ಲದೆ ಅದೇ ರಾತ್ರಿ ಗುಲ್ಮವನ್ನು ತೆಗೆಯಬೇಕಾಯಿತು. ಮಗು ಬದುಕಿತು, ಆ ಶಸ್ತ್ರವೈದ್ಯರಿಗೆ ಅವರ ಮನೆಯವರೆಲ್ಲ ಋಣಿಗಳು. ಒಂದು ವರ್ಷ ಕಳೆದ ಮೇಲೆ ಅವರ ಚಾಳಿನಲ್ಲಿರುವ ನರ್ಸಮ್ಮನೊಬ್ಬರು ಆ ಕಾಗದಗಳನ್ನು ಓದಿ, ಕೊನೆಯ ಪುಟದ ಕೊನೆಯ ಸಾಲಿನಲ್ಲಿ 'ಲಸಿಕೆಗಳನ್ನು ಹಾಕಿಸುವುದು' ಎಂದು ಇಂಗ್ಲಿಷಿನಲ್ಲಿ ಬರೆದಿರುವುದನ್ನು ತೋರಿಸಿದರಂತೆ. ಯಾವ ಲಸಿಕೆ, ಎಂದು, ಏಕೆ ಎಂಬುದು ಅದರಲ್ಲಿ ಇಲ್ಲ. ಬಾಯಿಮಾತಿನಲ್ಲಿಯೂ ಯಾರೂ ಹೇಳಿರಲಿಲ್ಲ. 'ಇನ್ನು ತಡವಾಯಿತೆ? ಮಗುವಿಗೆ ಪ್ರತಿಯೊಂದು ಜ್ವರ ಬಂದಾಗಲೂ ನಾವು ಹೆದರಬೇಕೆ?' ಎಂದು ಅವರು ಕೇಳಿದ್ದಾರೆ.

ಮೊದಲನೆಯ ಪ್ರಶ್ನೆಗೆ ಉತ್ತರ: ತಡವಾಗಿಲ್ಲ. ಗುಲ್ಮ ತೆಗೆದು ಎಷ್ಟು ಕಾಲವಾಗಿದ್ದರೂ ಲಸಿಕೆಗಳನ್ನು ಇಂದು ಹಾಕಿಸಬಹುದು, ಹಾಕಿಸಲೇಬೇಕು. ಎರಡನೆಯ ಪ್ರಶ್ನೆಗೆ ಉತ್ತರ: ಹೆದರುವುದು ಬೇಡ, ಆದರೆ ಪ್ರತಿಯೊಂದು ಜ್ವರಕ್ಕೂ ಏಳಬೇಕು. ಹೆದರಿದವನು ಕೈಕಟ್ಟಿ ಕುಳಿತುಕೊಳ್ಳುತ್ತಾನೆ. ಏನು ಮಾಡಬೇಕೆಂದು ಮೊದಲೇ ಗೊತ್ತಿದ್ದವನು ಎದ್ದು ನಡೆಯುತ್ತಾನೆ.

ರಕ್ಷಣೆಯ ದಾರಿಗಳು ಮೂರು. ಒಂದನೆಯದು ಲಸಿಕೆ. ನ್ಯೂಮೊಕಾಕಸ್, ಹೀಮೊಫಿಲಸ್ 'ಬಿ', ಮೆನಿಂಗೊಕಾಕಸ್ ಈ ಮೂರಕ್ಕೂ ಲಸಿಕೆಗಳಿವೆ. ಪ್ರತಿವರ್ಷ ಫ್ಲೂ ಲಸಿಕೆಯೂ ಬೇಕು. ಮೊದಲೇ ನಿಶ್ಚಯಿಸಿದ ಶಸ್ತ್ರಕ್ರಿಯೆಯಾದರೆ ಕನಿಷ್ಠ ಎರಡು ವಾರ ಮುಂಚೆಯೇ ಲಸಿಕೆಗಳು ಮುಗಿದಿರಬೇಕು. ಏಕೆಂದರೆ ಗುಲ್ಮವು ಇರುವಾಗಲೇ ದೇಹವು ಪಾಠವನ್ನು ಚೆನ್ನಾಗಿ ಕಲಿಯುತ್ತದೆ. ಅಪಘಾತದ ತುರ್ತಿನಲ್ಲಿ ತೆಗೆದಿದ್ದರೆ ಸುಮಾರು ಎರಡು ವಾರಗಳ ನಂತರ ಹಾಕಿಸುವುದು ವಾಡಿಕೆ. ಮಗು ಆ ಊರಿಗೆ ಮತ್ತೆ ಬರುವ ಭರವಸೆಯಿಲ್ಲದಿದ್ದರೆ ಮನೆಗೆ ಹೊರಡುವ ಮುಂಚೆಯೇ ಹಾಕಿಬಿಡುವುದು ಲೇಸು. ಕೆಲವು ಲಸಿಕೆಗಳನ್ನು ವರ್ಷಗಳ ಬಳಿಕ ಮತ್ತೆ ಹಾಕಿಸಬೇಕಾಗುತ್ತದೆ. ಅದರ ಲೆಕ್ಕ ಡಾಕ್ಟರರಲ್ಲಿ ಮಾತ್ರವಲ್ಲ, ಮನೆಯಲ್ಲಿಯೂ ಇರಬೇಕು.

ಎರಡನೆಯದು ದಿನನಿತ್ಯದ ಔಷಧ. ಪೆನಿಸಿಲಿನ್ ಅಥವಾ ಅದರ ಜಾತಿಯ ಅಮಾಕ್ಸಿಸಿಲಿನ್ ಔಷಧವನ್ನು ಅಲ್ಪ ಪ್ರಮಾಣದಲ್ಲಿ ದಿನವೂ ಕೊಡುವುದು ರೂಢಿಯಲ್ಲಿದೆ. ಸಾಮಾನ್ಯವಾಗಿ ಐದು ವರ್ಷ ತುಂಬುವತನಕ, ಶಸ್ತ್ರಕ್ರಿಯೆಯ ನಂತರ ಕೆಲವು ವರ್ಷಗಳಾದರೂ ಇದನ್ನು ಕೊಡುತ್ತಾರೆ; ಕೆಲವರಿಗೆ ಇನ್ನೂ ದೀರ್ಘಕಾಲ ಬೇಕಾಗುತ್ತದೆ. ಇದರ ಫಲ ಎಷ್ಟೆಂಬುದಕ್ಕೆ ಸಿಕಲ್ ಸೆಲ್ ಕಾಯಿಲೆಯ ಮಕ್ಕಳೇ ಸಾಕ್ಷಿ. ಆ ಕಾಯಿಲೆಯಲ್ಲಿ ಗುಲ್ಮವನ್ನು ಯಾರೂ ತೆಗೆಯದಿದ್ದರೂ ಅದು ತಾನಾಗಿಯೇ ಮುರುಟಿ ನಿಷ್ಕ್ರಿಯವಾಗುತ್ತದೆ. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ದಿನಕ್ಕೆರಡು ಬಾರಿ ಪೆನಿಸಿಲಿನ್ ಕೊಟ್ಟ ಇಂಥ ಎಳೆಯ ಮಕ್ಕಳಲ್ಲಿ ನ್ಯೂಮೊಕಾಕಸ್ ಸೋಂಕು ಶೇಕಡ 84ರಷ್ಟು ಕಡಿಮೆಯಾಯಿತು. ಫಲವು ಇಷ್ಟು ಸ್ಪಷ್ಟವಾದುದರಿಂದ ಆ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಈ ಕಾಯಿಲೆ ನಮಗೆ ದೂರದ್ದೆಂದು ತಿಳಿಯಬಾರದು. ಚಾಮರಾಜನಗರ, ಮೈಸೂರು ಜಿಲ್ಲೆಗಳ ಸೋಲಿಗರಲ್ಲಿ, ಜೇನುಕುರುಬರಲ್ಲಿ ಅದು ಉಂಟು. ಕೇಂದ್ರ ಸರ್ಕಾರವು ಅದರ ನಿರ್ಮೂಲನಕ್ಕಾಗಿ 2023ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜ್ವರದ ರಾತ್ರಿಯ ನಡವಳಿಕೆ. ಲಸಿಕೆಯು ಎಲ್ಲ ರೋಗಾಣುಗಳನ್ನೂ ತಡೆಯಲಾರದು, ಮಾತ್ರೆಯೂ ತಡೆಯಲಾರದು. ಆದುದರಿಂದ ಜ್ವರವು 100.4 ಡಿಗ್ರಿ ಮುಟ್ಟಿದರೆ ಅಥವಾ ಮಗು ನಡುಗಿದರೆ ಬೆಳಗಾಗುವುದನ್ನು ಕಾಯಬಾರದು. ಡಾಕ್ಟರರು ಮೊದಲೇ ಬರೆದುಕೊಟ್ಟ ತುರ್ತು ಔಷಧ ಮನೆಯಲ್ಲಿದ್ದರೆ ಮೊದಲ ಗುಟುಕನ್ನು ಕೊಟ್ಟು, ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಔಷಧ ಕೊಟ್ಟೆವೆಂದು ಮನೆಯಲ್ಲಿ ಉಳಿಯುವಂತಿಲ್ಲ. ಅಲ್ಲಿ 'ಮಗುವಿಗೆ ಗುಲ್ಮವಿಲ್ಲ' ಎಂಬುದೇ ಮೊದಲ ಮಾತಾಗಿರಬೇಕು. ಆ ಒಂದು ಮಾತನ್ನು ಕೇಳಿದ ವೈದ್ಯರು ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯದೆ ರಕ್ತನಾಳಕ್ಕೆ ಔಷಧ ಹಾಕಲು ಆರಂಭಿಸುತ್ತಾರೆ. ಆ ಮಾತನ್ನು ಕೇಳದ ವೈದ್ಯರು ಸಾಲಿನಲ್ಲಿ ಕೂರಿಸುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಇನ್ನೆರಡು ಸಂಗತಿಗಳು. ಗುಲ್ಮವಿಲ್ಲದವರಿಗೆ ಮಲೇರಿಯಾ ಬಂದರೆ ಅದು ಉಗ್ರವಾಗುತ್ತದೆ. ಮುಂಬಯಿ, ಮಂಗಳೂರು ಎರಡೂ ಮಲೇರಿಯಾವನ್ನು ಬಹುಕಾಲದಿಂದ ಬಲ್ಲ ನಗರಗಳು. ಆದುದರಿಂದ ಸೊಳ್ಳೆಪರದೆಯನ್ನು ಅಲಕ್ಷಿಸಬಾರದು. ಜ್ವರ ಬಂದಾಗ ಮಲೇರಿಯಾ ಪರೀಕ್ಷೆಯನ್ನೂ ಮಾಡಿಸಬೇಕು. ಇನ್ನು ನಾಯಿ ಕಚ್ಚಿದರೆ ನಾವು ಹುಚ್ಚುನಾಯಿಯ ಚುಚ್ಚುಮದ್ದನ್ನು ಮಾತ್ರ ನೆನೆಯುತ್ತೇವೆ. ನಾಯಿಯ ಬಾಯಲ್ಲಿರುವ ಬೇರೊಂದು ರೋಗಾಣುವು ಗುಲ್ಮವಿಲ್ಲದವರ ನೆತ್ತರಿಗೆ ಸೇರಿದರೆ ಪ್ರಾಣಾಂತಿಕವಾಗಬಲ್ಲದು. ಗಾಯವು ಸಣ್ಣದಾದರೂ ಅಂಥವರು ಅಂದೇ ಡಾಕ್ಟರರಿಗೆ ತೋರಿಸಬೇಕು.

ಹಾಗಾದರೆ ಗುಲ್ಮವನ್ನು ತೆಗೆಯುವುದೇ ತಪ್ಪೆ ಎಂದು ಕೇಳುವವರಿದ್ದಾರೆ. ತಪ್ಪಲ್ಲ, ಆದರೆ ಅವಸರ ಸಲ್ಲದು. ನೆತ್ತರು ನಿಲ್ಲದೆ ಪ್ರಾಣ ಹೋಗುತ್ತಿರುವಾಗ ತೆಗೆಯದೆ ವಿಧಿಯಿಲ್ಲ. ಅಂಥ ಗಳಿಗೆಯಲ್ಲಿ ಮುಂದಿನ ಸೋಂಕಿಗೆ ಹೆದರಿ ಸಹಿ ಹಾಕಲು ಹಿಂಜರಿಯುವ ತಂದೆಯು ಮಗುವಿಗೆ ದ್ರೋಹವೆಸಗಿದಂತೆ. ಉಳಿದ ಸಂದರ್ಭಗಳಲ್ಲಿ ಕಾಯುವುದಕ್ಕೆ ಸ್ಥಳವುಂಟು. ಕೆಂಪು ಕಣಗಳು ಗುಂಡಾಗಿ ಒಡೆಯುವ ವಂಶಪಾರಂಪರ್ಯದ ಕಾಯಿಲೆಯಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಆರು ವರ್ಷ ತುಂಬುವವರೆಗೆ ಕಾಯುತ್ತಾರೆ. ಥಲಸ್ಸೀಮಿಯಾದ ಮಗುವಿಗೆ ರಕ್ತವನ್ನು ಕ್ರಮವಾಗಿ ಕೊಡುತ್ತ ಬಂದರೆ ಗುಲ್ಮ ತೆಗೆಯುವ ಪ್ರಮೇಯವೇ ಅನೇಕರಿಗೆ ಒದಗುವುದಿಲ್ಲ. ಪ್ಲೇಟ್ಲೆಟ್ ಕುಗ್ಗುವ ಕಾಯಿಲೆಯು ಹೆಚ್ಚಿನ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ.

ಪೆಟ್ಟು ಬಿದ್ದ ಗುಲ್ಮದ ವಿಷಯದಲ್ಲಿ ನಮ್ಮ ದೇಶದವರೊಬ್ಬರ ಹೆಸರನ್ನು ಇಲ್ಲಿ ಸ್ಮರಿಸುವುದು ಯುಕ್ತ. ಹಿಂದೆ ಗುಲ್ಮ ಸೀಳಿತೆಂದರೆ ತೆಗೆಯುವುದೇ ನಿಯಮವಾಗಿತ್ತು. ಕೆನಡಾ ದೇಶದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯಲ್ಲಿ, ಮಗುವಿನ ಸ್ಥಿತಿ ಸ್ಥಿರವಾಗಿದ್ದರೆ ಕತ್ತಿ ಹಾಕದೆ, ಹಾಸಿಗೆಯಲ್ಲಿ ಮಲಗಿಸಿ ಕಣ್ಣಿಟ್ಟು ಕಾಯ್ದರೆ ಸೀಳು ತಾನಾಗಿಯೇ ಕೂಡಿಕೊಳ್ಳುವುದೆಂಬುದನ್ನು ವೈದ್ಯರು ಕಂಡುಕೊಂಡರು. 1968ರಲ್ಲಿ ಅದನ್ನು ಬರೆದು ಪ್ರಕಟಿಸಿದ ಇಬ್ಬರಲ್ಲಿ ಒಬ್ಬರು ಸಿಂಪ್ಸನ್, ಇನ್ನೊಬ್ಬರು ಉಪಾಧ್ಯಾಯ. ಈ ಡಾ. ಉಪಾಧ್ಯಾಯರೇ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಮಕ್ಕಳ ಶಸ್ತ್ರವೈದ್ಯದ ಪ್ರಾಧ್ಯಾಪಕರಾಗಿದ್ದವರು. ಇಂದು ಒಳ್ಳೆಯ ಮಕ್ಕಳ ಆಸ್ಪತ್ರೆಗಳಲ್ಲಿ ಪೆಟ್ಟುಬಿದ್ದ ಗುಲ್ಮಗಳಲ್ಲಿ ಬಹುಪಾಲನ್ನು ಉಳಿಸಿಕೊಳ್ಳುತ್ತಾರೆ. ಆದುದರಿಂದ ಮಗುವಿನ ಸ್ಥಿತಿ ಅನುಮತಿಸುವುದಾದರೆ 'ತೆಗೆಯದೆ ಆಗುವುದಿಲ್ಲವೆ?' ಎಂದು ವಿನಯದಿಂದ ಕೇಳುವುದು ಅಧಿಕಪ್ರಸಂಗವಲ್ಲ.

ಈಗ ಸರ್ಕಾರದ ಕಡೆಗೆ ಒಂದು ಮಾತು. ಹೀಮೊಫಿಲಸ್ 'ಬಿ' ಲಸಿಕೆಯನ್ನು ಕೂಸುಗಳಿಗೆ ಉಚಿತವಾಗಿ ಕೊಡುವುದು ನಮ್ಮ ದೇಶದಲ್ಲಿ 2011ರಲ್ಲಿ ಆರಂಭವಾಯಿತು. ನ್ಯೂಮೊಕಾಕಸ್ ಲಸಿಕೆಯು 2017ರಲ್ಲಿ ಕೆಲವು ರಾಜ್ಯಗಳಿಗೆ ಬಂದು 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಪುಣೆಯ ಸೀರಂ ಸಂಸ್ಥೆಯು ತಾನೇ ತಯಾರಿಸಿದ ನ್ಯೂಮೊಕಾಕಸ್ ಲಸಿಕೆಯನ್ನು 2020ರ ಡಿಸೆಂಬರಿನಲ್ಲಿ ಹೊರತಂದಿತು. ಇವೆಲ್ಲ ಅಭಿನಂದನೀಯ. ಆದರೆ ಈ ಉಚಿತ ವ್ಯವಸ್ಥೆಯು ಎಳೆಗೂಸುಗಳಿಗಾಗಿ ಮಾಡಿದ್ದು. ಎಂಟನೆಯ ವರ್ಷದಲ್ಲಿ ಗುಲ್ಮ ಕಳೆದುಕೊಂಡ ಹುಡುಗನಿಗೆ ಅದರಲ್ಲಿ ಸ್ಥಾನವಿಲ್ಲ. ಮೆನಿಂಗೊಕಾಕಸ್ ಲಸಿಕೆಯಂತೂ ಆ ಪಟ್ಟಿಯಲ್ಲಿಯೇ ಇಲ್ಲ. ಪೇಟೆಯಲ್ಲಿ ಕೊಂಡರೆ ಒಂದೊಂದಕ್ಕೆ ಸಾವಿರಗಟ್ಟಲೆ ರೂಪಾಯಿ. ಸಪ್ಲೈಯರನೊಬ್ಬನ ಸಂಬಳದಲ್ಲಿ ಅದು ಎಷ್ಟು ದಿನಗಳ ದುಡಿಮೆಯೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಗುಲ್ಮವಿಲ್ಲದ ಮಕ್ಕಳ ಸಂಖ್ಯೆ ದೇಶದ ಜನಸಂಖ್ಯೆಯ ಮುಂದೆ ಅತ್ಯಲ್ಪ. ಲಕ್ಷಗಟ್ಟಲೆ ವೆಚ್ಚದ ಶಸ್ತ್ರಕ್ರಿಯೆಯನ್ನು ಸರ್ಕಾರದ ಯೋಜನೆಯಲ್ಲಿ ಮಾಡಿಸಿ, ಅದರ ಫಲವನ್ನು ಕಾಪಾಡುವ ಲಸಿಕೆಗೆ ಬಡವನ ಜೇಬನ್ನು ನೋಡುವುದು ಲೆಕ್ಕಪತ್ರದ ದೃಷ್ಟಿಯಿಂದಲೂ ಜಾಣತನವಲ್ಲ. ಯಾವ ವಯಸ್ಸಿನವರಾಗಲಿ, ಗುಲ್ಮವಿಲ್ಲದವರಿಗೆ ಈ ಲಸಿಕೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯಬೇಕೆಂದು ನಾವು ಒತ್ತಾಯಿಸುತ್ತೇವೆ.

ಆಸ್ಪತ್ರೆಗಳಿಗೂ ನಮ್ಮ ವಿಜ್ಞಾಪನೆ ಒಂದುಂಟು. ಕಾಗದದ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಕೈತೊಳೆದುಕೊಳ್ಳುವುದು ಸಾಲದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲಿಯಾದರೂ ಸರಿ, ತಾಯಿಯ ಭಾಷೆಯಲ್ಲಿ ಒಂದು ಚೀಟಿ ಕೊಟ್ಟು, ಅದನ್ನು ಓದಿಸಿ, ಆಕೆಯ ಬಾಯಿಂದಲೇ ತಿರುಗಿ ಹೇಳಿಸಿದ ಮೇಲೆ ಮನೆಗೆ ಕಳುಹಿಸಲಿ. ಸಮಯವಿಲ್ಲವೆಂಬ ಉತ್ತರ ಬರಬಹುದು. ಜನಜಂಗುಳಿಯಲ್ಲಿ ವೈದ್ಯರು ಪಡುವ ಪಾಡನ್ನು ನಾವು ಬಲ್ಲೆವು. ಆದರೆ ಈ ಕೆಲಸಕ್ಕೆ ಬೇಕಾದದ್ದು ಹತ್ತು ನಿಮಿಷ. ಅದನ್ನು ನರ್ಸಮ್ಮನವರೂ ಮಾಡಬಲ್ಲರು.

ಇನ್ನು ನಮ್ಮವರ ಪಾಲು. ಹೋಟೆಲಿನ ಧಣಿಗಳಲ್ಲಿ ನಮ್ಮ ಬಿನ್ನಹ: ಇಂಥ ಮಗುವಿನ ತಂದೆಯು ಲಸಿಕೆಗಾಗಿ ಮುಂಗಡ ಕೇಳಿದರೆ ಅದನ್ನು ಮದುವೆ ಮುಂಜಿಯ ಮುಂಗಡದೊಡನೆ ತೂಗಬಾರದು. ರಾತ್ರಿ ಊರಿನಿಂದ ಫೋನು ಬಂದಾಗ ಕೆಲಸದ ಹೊತ್ತೆಂದು ತಡೆಯಬಾರದು. ಇ.ಎಸ್.ಐ. ವ್ಯವಸ್ಥೆಗೆ ಒಳಪಟ್ಟ ಕೆಲಸಗಾರರಿಗೆ ಕುಟುಂಬದ ಚಿಕಿತ್ಸೆಯ ಸೌಲಭ್ಯವುಂಟು. ಹೆಸರು ನೋಂದಾಯಿಸಿದ ಧಣಿಯು ಅದನ್ನು ಅವರಿಗೆ ತಿಳಿಸಿಹೇಳಲಿ. ನಗರನಗರಗಳಲ್ಲಿರುವ ಕನ್ನಡ ಸಂಘಗಳು ನಾಟಕ, ಸನ್ಮಾನಗಳ ನಡುವೆ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಟ್ಟು, ಕನ್ನಡ ಬಲ್ಲ ವೈದ್ಯರೊಬ್ಬರನ್ನು ಕರೆಸಿ ಮಾತಾಡಿಸಲಿ.

ಆಸ್ಪತ್ರೆಗಳು ಚೀಟಿ ಕೊಡುವತನಕ ಕಾಯದೆ ಅದರ ಮಾದರಿಯನ್ನು ನಾವೇ ಇಲ್ಲಿ ಕೊಡುತ್ತಿದ್ದೇವೆ. ಕತ್ತರಿಸಿ, ಮಗುವಿನ ಹೆಸರು ಬರೆದು, ನಿಮ್ಮ ಡಾಕ್ಟರರಿಗೆ ತೋರಿಸಿ ಒಪ್ಪಿಗೆ ಪಡೆದು, ಒಂದನ್ನು ತಾಯಿಯ ಬಳಿಯಲ್ಲಿ, ಒಂದನ್ನು ಶಾಲೆಯ ಮೇಷ್ಟರಲ್ಲಿ, ಒಂದನ್ನು ಮಗುವಿನ ಚೀಲದಲ್ಲಿ ಇಡಿರಿ. ಅದರ ಚಿತ್ರವನ್ನು ಮನೆಯವರೆಲ್ಲರ ಮೊಬೈಲಿನಲ್ಲಿಯೂ ಇಡಿರಿ.

'ಈ ಮಗುವಿಗೆ ಗುಲ್ಮವಿಲ್ಲ. ತೆಗೆದ ತಾರೀಖು: ____. ಹಾಕಿಸಿದ ಲಸಿಕೆಗಳು ಮತ್ತು ತಾರೀಖು: ____. ದಿನವೂ ಕೊಡುವ ಔಷಧ: ____. ಒಗ್ಗದ ಔಷಧ: ____. ಜ್ವರ, ನಡುಕ, ವಾಂತಿ, ಮಂಕು, ಮೈಮೇಲೆ ನೇರಳೆ ಕಲೆ ಇವುಗಳಲ್ಲಿ ಯಾವುದು ಕಂಡರೂ ಹಗಲು ರಾತ್ರಿಯೆನ್ನದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ವಾಹನವಿಲ್ಲದಿದ್ದರೆ 108ಕ್ಕೆ ಫೋನು ಮಾಡತಕ್ಕದ್ದು. ವೈದ್ಯರಲ್ಲಿ ವಿನಂತಿ: ಇದು ರಕ್ತದ ನಂಜಾಗಿರಬಹುದು, ದಯವಿಟ್ಟು ಚಿಕಿತ್ಸೆಯನ್ನು ತಡಮಾಡಬೇಡಿ. ನಮ್ಮ ಡಾಕ್ಟರರ ಹೆಸರು, ಫೋನು: ____.'

ತಂದೆಯಾದವನು ಇನ್ನೂ ಒಂದು ಕೆಲಸವನ್ನು ಮಾಡಬೇಕು. ಊರಿನ ಮನೆಯಿಂದ ರಾತ್ರಿಯಲ್ಲಿಯೂ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದು, ಕರೆದರೆ ಬರುವ ರಿಕ್ಷಾ ಯಾರದು, ತಾಯಿಯ ಕೈಯಲ್ಲಿ ಖರ್ಚಿಗೆ ಹಣವೆಷ್ಟಿದೆ, ಗಂಡನ ಫೋನು ಸಿಗದಿದ್ದರೂ ಆಕೆ ಯಾರ ಅಪ್ಪಣೆಗೂ ಕಾಯದೆ ಹೊರಡಬಹುದೆಂದು ಹಿರಿಯರೆಲ್ಲರ ಮುಂದೆ ಹೇಳಿಯಾಗಿದೆಯೆ? ಈ ಪ್ರಶ್ನೆಗಳಿಗೆ ಉತ್ತರವು ಜ್ವರ ಬರುವುದಕ್ಕೆ ಮುಂಚೆಯೇ ಸಿದ್ಧವಾಗಿರಬೇಕು. ಕೊನೆಯದಂತೂ ಅತ್ಯಾವಶ್ಯಕ. ನಮ್ಮ ಮನೆಗಳಲ್ಲಿ ಸೊಸೆಯು ರಾತ್ರಿ ಹೊತ್ತು ಒಬ್ಬಳೇ ಮಗುವನ್ನೆತ್ತಿಕೊಂಡು ಹೊರಡಲು ಹತ್ತು ಮಂದಿಯ ಮುಖ ನೋಡಬೇಕಾಗುತ್ತದೆ. ಈ ರೋಗವು ಅಷ್ಟು ಹೊತ್ತನ್ನು ಕೊಡುವುದಿಲ್ಲ.

ವಾಚಕರಲ್ಲಿ ಯಾರ ಮನೆಯಲ್ಲಿಯಾದರೂ, ನೆಂಟರಿಷ್ಟರಲ್ಲಿಯಾದರೂ ಗುಲ್ಮ ತೆಗೆದ ಮಗುವಿದ್ದರೆ ಈ ಪುಟವನ್ನು ಅವರಿಗೆ ಕಳುಹಿಸಿರಿ. ಓದು ಬಾರದವರಿಗೆ ಓದಿ ಹೇಳಿರಿ. ಮಗು ಬೆಳೆದು ದೊಡ್ಡವನಾಗಿ ಕೆಲಸಕ್ಕೆಂದು ಊರು ಬಿಟ್ಟು ಹೊರಟ ದಿನ ಆ ಚೀಟಿಯನ್ನು ಅವನ ಕಿಸೆಯಲ್ಲಿಯೇ ಇಟ್ಟು ಕಳುಹಿಸಿರಿ.